ಸಂಕ್ರಮಣದ ಬುತ್ತಿ: ಎಲ್ಲರೂ ಉಣ್ಣುವ ಪಲ್ಯ-ಪಚಡಿ

ಮುಂಡರಗಿ ತಾಲೂಕಿನ ಸಿಂಗಟಾಲೂರು ತುಂಗಭದ್ರೆಯ ದಂಡೆಯ ಊರು, ವೀರಭದ್ರೇಶ್ವರನ ಕ್ಷೇತ್ರ. ಜನವರಿ 14-15ರ ಸುಮಾರಿಗೆ ಬರುವ ಮಕರ ಸಂಕ್ರಮಣಕ್ಕೆ ಸುತ್ತಲಿನ ಊರುಗಳ ಮನೆಮಂದಿ ಬುತ್ತಿ ಕಟ್ಟಿಕೊಂಡು ಬಂದು, ಹೊಳೆಯಲ್ಲಿ ಮಿಂದು, ದೇವರಿಗೆ ಕೈ ಮುಗಿದು, ದಂಡೆಯಲ್ಲೇ ಕೂತು ಉಣ್ಣುತ್ತಾರೆ. ಹಬ್ಬ ಒಂದು ವಾರವಿದೆ ಎನ್ನುವಾಗ ಒಂದು ಮನೆಯ ಅತ್ತೆ-ಸೊಸೆ ಆ ಬುತ್ತಿಯ ಲೆಕ್ಕ ಹಾಕುತ್ತ ಆಡಿದ ಮಾತು ಇದು.

ಸೊಸೆ: ಅತ್ತೀ, ಸಂಕ್ರಮಣದ ಬುತ್ತಿಗೆ ಏನೇನು ಬೇಕಂತ ಚೀಟಿ ಬರದೇನ್ರಿ. ಶೇಂಗಾ ಹೋಳಿಗಿ, ಮಾದ್ಲಿ, ಸಜ್ಜಿ ರೊಟ್ಟಿ, ಎಣಗಾಯಿ, ಬಜಿ, ಹಪ್ಪಳ, ಚಿತ್ರಾನ್ನ, ಮೊಸರನ್ನ. ಮಾವಾರಿಗೆ ಸಕ್ಕರಿ ಕಾಯಿಲೆ ಐತಿ, ಬಿಪಿ ಐತಿ. ಅವರಿಗೆ ಒಂದು ಬ್ಯಾರೆ ಡಬ್ಬಿ ಕಟ್ಟಬೇಕಾಕ್ಕೈತಿ.

ಅತ್ತೆ: ಬ್ಯಾರೆ ಡಬ್ಬಿಗೆ ನನ್ನ ಮನಸ್ಸು ಒಪ್ಪಂಗಿಲ್ಲ ತಂಗಿ. ಮನಿಮಂದಿ ಎಲ್ಲಾ ಹೊಳಿ ದಂಡಿಗೆ ಒಂದಾಗಿ ಕುಂತಾಗ ಒಬ್ಬರ ಮುಂದಷ್ಟ ಬ್ಯಾರೆ ಡಬ್ಬಿ ತಗದಿಟ್ರ ಅವರಿಗೆ ಅದು ಹಬ್ಬ ಆಗಂಗಿಲ್ಲ. ಎಲ್ಲಾರೂ ಉಣ್ಣುವಂಥ ಅಡಗಿ ಮಾಡೂಣು.

ಸೊಸೆ: ಹಂಗಾರ ಹೋಳಿಗಿ, ಬಜಿ ಎರಡೂ ಬಿಡಬೇಕೇನ್ರಿ? ಮಕ್ಕಳು ವರ್ಷದಿಂದ ಕಾಯ್ತಾವ.

ಅತ್ತೆ: ಬಿಡೂದು ಯಾಕ? ಆ ಚೀಟಿ ಇನ್ನೊಮ್ಮಿ ಓದು. ಸಿಹಿ ಎರಡು, ಅನ್ನ ಎರಡು, ಕರದದ್ದು ಎರಡು. ರೊಟ್ಟಿಗೆ ಹಚ್ಕೊಳ್ಳಾಕ ಎಣಗಾಯಿ ಒಂದ. ತಪ್ಪಲ ಪಲ್ಯ ಎಲ್ಲೈತಿ? ಕಾಳು ಎಲ್ಲದಾವ? ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಕರಿಂಡಿ, ಪಚಡಿ, ಒಂದೂ ಇಲ್ಲ. ನಮ್ಮತ್ತಿ ಬುತ್ತಿ ಕಟ್ಟೂವಾಗ ಹೋಳಿಗಿ ತಲಿಗೆ ಒಂದೊ ಎರಡೊ, ರೊಟ್ಟಿಗೆ ಹಚ್ಕೊಳ್ಳೂವು ಮಾತ್ರ ಬುಟ್ಟಿ ತುಂಬ. ಹಬ್ಬದ ಊಟದಾಗ ಸಿಹಿ ಇರೂದು ತಪ್ಪಲ್ಲ. ಸಿಹಿ ಬೆಳೀತಾ ಬೆಳೀತಾ ಉಳಿದದ್ದನ್ನೆಲ್ಲಾ ಎಲಿಯಿಂದ ಹೊರಗ ಹಾಕೇತಿ. ನಾವು ಸರಿ ಮಾಡಬೇಕಾದ್ದು ಅದನ್ನ.

ಸೊಸೆ: ನೀವು ಹೇಳೂದಕ್ಕ ಸರೀ ಹೊಂದೂವಂಥದ್ದು ನಾನೂ ಓದೇನ್ರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಾಗ ಭಾರತೀಯರ ಊಟಕ್ಕ 17 ಸೂತ್ರ ಪ್ರಕಟ ಮಾಡಿದ್ರು. ತಾಟಿನ ಅರ್ಧದಷ್ಟು ಕಾಯಿಪಲ್ಯ, ತಪ್ಪಲ, ಹಣ್ಣು ಇರಬೇಕಂತಾರ. ದಿನದ ಕ್ಯಾಲರಿಯೊಳಗ ಧಾನ್ಯದ ಪಾಲು ಶೇಕಡಾ 45 ದಾಟಬಾರದಂತ. ಉಪ್ಪು ದಿನಕ್ಕ 5 ಗ್ರಾಂ ಒಳಗ, ಅಂದ್ರ ಒಂದು ಸಣ್ಣ ಚಮಚ. ವಿಶ್ವ ಆರೋಗ್ಯ ಸಂಸ್ಥೆ ಹೇಳೂದೂ ಅಷ್ಟ.

ಅತ್ತೆ: ಒಂದು ಚಮಚದಾಗ ಇಡೀ ದಿನ? ಹಪ್ಪಳ, ಉಪ್ಪಿನಕಾಯಿ, ಅಂಗಡಿ ಚಿಪ್ಸ್ ಮೂರು ಸೇರಿದ್ರ ಒಂದ ಊಟಕ್ಕ ಅದು ಮುಗೀತೈತಿ.

ಸೊಸೆ: ಅದಕ್ಕ ಹೇಳೂದು. ಇದು ನಮ್ಮ ಮನಿ ಮಾತಷ್ಟ ಅಲ್ಲ ಅತ್ತೀ. 2023ರಾಗ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಾಗ 10.1 ಕೋಟಿ ಮಂದಿಗೆ ಸಕ್ಕರಿ ಕಾಯಿಲೆ ಐತಿ. ಹೊಳಿ ದಂಡಿಗೆ ಬುತ್ತಿ ಬಿಚ್ಚೂ ಪಂಕ್ತಿ ಪಂಕ್ತಿಯೊಳಗೂ ಅಂಥವರು ಇದ್ದ ಇರ್ತಾರ.

ಅತ್ತೆ: ಹೌದು. ಅವರೆಲ್ಲಾ "ನನಗ ಬ್ಯಾಡ, ನೀವು ಉಣ್ರಿ" ಅಂತ ಕುಂಡ್ರಬೇಕೇನು? ಬಾ, ಒಂದೊಂದಾಗಿ ನೋಡೂಣು. ಮೊದಲ ಎಣಗಾಯಿ.

ಸೊಸೆ: ಎಣಗಾಯಿಗೆ ಎಣ್ಣಿ ತೇಲಬೇಕಂತಾರಲ್ರಿ. ಬದ್ನಿಕಾಯಿ ಹಾಕಿದಷ್ಟೂ ಎಣ್ಣಿ ಹೀರ್ತೈತಿ. ಒಂದು ದೊಡ್ಡ ಚಮಚ ಎಣ್ಣಿ ಅಂದ್ರ ಸುಮಾರು 120 ಕ್ಯಾಲರಿ. ನಾವು ಚಮಚದಾಗ ಎಲ್ಲಿ ಹಾಕ್ತೀವಿ, ಸೌಟಿನಾಗ ಹಾಕ್ತೀವಿ.

ಅತ್ತೆ: ಎಣ್ಣಿ ತೇಲಸೂದು ಖಾನಾವಳಿ ಪದ್ಧತಿ. ಮನಿ ಪದ್ಧತಿ ಕೇಳು. ಎಳೀ ಬದ್ನಿಕಾಯಿ ಅರ್ಧ ಕಿಲೋ ತಗೋ, ತೊಟ್ಟು ಬಿಡದಂಗ ನಾಲ್ಕು ಸೀಳು ಮಾಡಿ ಉಪ್ಪುನೀರಾಗ ಹಾಕು. ಶೇಂಗಾ ಹುರಿ, ಎಳ್ಳು ಹುರಿ, ಗುರೆಳ್ಳು ಹುರಿ, ಒಂದಕ್ಕೂ ಎಣ್ಣಿ ಬ್ಯಾಡ. ಒಣಕೊಬ್ಬರಿ ಚೂರು, ಬೆಳ್ಳೊಳ್ಳಿ, ಜೀರಗಿ, ಖಾರಪುಡಿ, ಹುಣಸಿಹುಳಿ ಕೂಡಿಸಿ ಕುಟ್ಟು. ಬೆಲ್ಲ ಹಾಕಿದ್ರ ಹುಣಸಿ ಮುರಿಯುವಷ್ಟ, ಹೆಚ್ಚಿಗಿ ಬ್ಯಾಡ. ಬದ್ನಿಕಾಯಿನ ಮೊದಲ ಐದು ನಿಮಿಷ ಉಗಿಯೊಳಗ ಮೆತ್ತಗ ಮಾಡು. ಹಸೀದು ಹೀರಿದಷ್ಟು ಎಣ್ಣಿ ಬೆಂದದ್ದು ಹೀರಂಗಿಲ್ಲ. ಆಮ್ಯಾಲ ಹೂರಣ ತುಂಬಿ, ಅಗಲ ಬೋಗಾಣಿಯೊಳಗ ಮೂರು ಚಮಚ ಕುಸುಬಿ ಎಣ್ಣಿ ಬಿಟ್ಟು ಸಾಸಿವಿ, ಕರಿಬೇವು ಸಿಡಿಸಿ, ಬದ್ನಿಕಾಯಿ ಸಾಲಾಗಿ ಇಡು. ಮ್ಯಾಲ ತಾಟು ಮುಚ್ಚು, ತಾಟಿನ್ಯಾಗ ನೀರು ಹಾಕು. ಒಳಗಿನ ಉಗಿ ಆ ತಣ್ಣನ್ನ ತಾಟಿಗೆ ತಾಗಿ ನೀರಾಗಿ ಪಲ್ಯದ ಮ್ಯಾಲ ಇಳೀತೈತಿ. ತಳ ಹತ್ತಂಗಿಲ್ಲ, ಮತ್ತ ಎಣ್ಣಿ ಕೇಳಂಗಿಲ್ಲ. ಸಣ್ಣ ಉರಿಯೊಳಗ ಬೆಂದಂಗ ಬೆಂದಂಗ ಶೇಂಗಾ, ಎಳ್ಳು ತಮ್ಮ ಎಣ್ಣಿ ತಾವ ಬಿಡ್ತಾವ.

ಸೊಸೆ: ಶೇಂಗಾದ ಹೆಚ್ಚೂಕಡಿಮಿ ಅರ್ಧ ತೂಕ ಎಣ್ಣೀನ ಐತ್ರಿ. ಒಳಗ ಅಷ್ಟು ಇದ್ದ ಮ್ಯಾಲ ಮ್ಯಾಲಿಂದ ಸುರಿಯೂದು ದಂಡ.

ಅತ್ತೆ: ಹಂಗ ಹೇಳು. ಈಗ ಭೋಗಿ ಪಲ್ಯ. ಸಂಕ್ರಮಣದ ಹಿಂದಿನ ದಿನ ಭೋಗಿ. ಅವತ್ತಿನ ಪಲ್ಯ ಮರುದಿನದ ಬುತ್ತಿಗೆ ಬ್ಯಾಡ, ಮುಂಜಾನೆ ಹೊಸದಾಗಿ ಮಾಡೂಣು. ಹಸಿ ಅವರಿಕಾಳು, ಕಡ್ಲಿ ಸುಲಗಾಯಿ, ಗಜ್ಜರಿ, ಬದ್ನಿಕಾಯಿ, ಮೆಂತೆ, ಹಸಿ ಶೇಂಗಾ. ಈ ಹಂಗಾಮಿನ್ಯಾಗ ಹೊಲದಾಗ, ಸಂತಿಯೊಳಗ ಏನೇನು ಬಂದಿರ್ತೈತಿ ಎಲ್ಲಾ ಒಂದ ಪಲ್ಯದಾಗ. ಕಡೀಕ ಕುಟ್ಟಿದ ಎಳ್ಳು.

ಸೊಸೆ: ಎಳ್ಳಿನ ಮಾತಿಗೆ ಒಂದು ಹೇಳ್ತೀನ್ರಿ. ಸಿಪ್ಪಿ ತಗೀದ ಎಳ್ಳು 100 ಗ್ರಾಂ ಇದ್ರ ಅದರಾಗ ಹೆಚ್ಚೂಕಡಿಮಿ 1 ಗ್ರಾಂ ಸುಣ್ಣದಂಶ ಇರ್ತೈತಿ. ಸಿಪ್ಪಿಯೊಳಗಿನ ಆಕ್ಸಲೇಟ್ ಅದನ್ನ ಪೂರ್ತಿ ಮೈಗೆ ಹತ್ತಗೊಡಂಗಿಲ್ಲ. ಆದ್ರೂ ದಿನಾ ಒಂದೊಂದು ಚಮಚ ಪಲ್ಯಕ್ಕ, ರೊಟ್ಟಿಗೆ ಬಿದ್ರ ಹೆಣ್ಮಕ್ಕಳ ಎಲುಬಿಗೆ ಒಳ್ಳೇದು.

ಅತ್ತೆ: ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚೂದು ನಮ್ಮ ಹಿರ್ಯಾರು ಸುಮ್ಮನ ಮಾಡಿಲ್ಲ. ಥಂಡಿ ದಿನ, ಮೈಗೆ ಜಿಡ್ಡು ಬೇಕು. ಸಜ್ಜಿಯೊಳಗ ಏನೈತಿ ಅಂತ ನಿನ್ನ ಪುಸ್ತಕ ಹೇಳ್ತೈತಿ?

ಸೊಸೆ: ಕಬ್ಬಿಣದಂಶ. 100 ಗ್ರಾಂ ಸಜ್ಜಿಯೊಳಗ 6 ಮಿಲಿಗ್ರಾಂ ಮ್ಯಾಲ. ಪಾಲಿಶ್ ಮಾಡಿದ ಅಕ್ಕಿಯೊಳಗ 1 ಮಿಲಿಗ್ರಾಂ ಸೈತ ಇಲ್ರಿ. ನಾರಿನಂಶಾನೂ ಅಕ್ಕಿಗಿಂತ ಎಷ್ಟೋ ಹೆಚ್ಚು. ಆದ್ರ ಧಾನ್ಯದ ಕಬ್ಬಿಣ ಮೈಗೆ ಸರಳ ಹತ್ತಂಗಿಲ್ಲ. ಅದರ ಜೋಡಿ ನಿಂಬಿಹುಳಿ, ಹಸಿ ಕಾಯಿಪಲ್ಯ ಬೇಕು. ಊಟದ ಬೆನ್ನಿಗೇ ಚಹಾ ಕುಡದ್ರ ಹತ್ತೂದೂ ಹತ್ತಂಗಿಲ್ಲ. ನಾವು ದಂಡಿಗೆ ಉಂಡ ಕೂಡ್ಲೆ ಥರ್ಮಾಸ್ ಬಿಚ್ಚತೀವಲ್ರಿ, ಅದನ್ನ ಒಂದು ತಾಸು ಮುಂದೂಡಬೇಕು.

ಅತ್ತೆ: ನಿಮ್ಮ ಮಾವಾಗ ಅದೊಂದು ಕಷ್ಟ. ನಾ ಹೇಳ್ತೀನಿ ಬಿಡು. ಇನ್ನ ಕಾಳು. ಹೆಸರು, ಮಡಕಿ ಎರಡೂ ನೆನಿ ಹಾಕಿ ಅರಿಬ್ಯಾಗ ಕಟ್ಟಿ ಮೊಳಕಿ ಬರಸೂಣು. ಒಂದು ಉಗಿ ಕೊಟ್ಟು, ಉಳ್ಳಾಗಡ್ಡಿ, ಕೊತ್ತಂಬ್ರಿ, ಹಸಿಮೆಣಸಿನಕಾಯಿ, ಮ್ಯಾಲ ನಿಂಬಿಹಣ್ಣು ಹಿಂಡಿದ್ರ ಒಗ್ಗರಣಿ ಸೈತ ಬೇಕಾಗಂಗಿಲ್ಲ.

ಸೊಸೆ: ಒಣ ಹೆಸರಿನ್ಯಾಗ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನು ಐತ್ರಿ. ಮೊಳಕಿ ಬಂದ್ರ ಸಿ ಜೀವಸತ್ವ ಕೂಡತೈತಿ, ಕಬ್ಬಿಣ ಹಿಡಿದಿಡೂ ಫೈಟೇಟ್ ಕಡಿಮಿ ಅಕ್ಕೈತಿ. ಉಗಿ ಕೊಡೂದು ಮಾತ್ರ ಬಿಡಬಾರದು. ಬುತ್ತಿ ಕಟ್ಟಿ ಮೂರ್ನಾಲ್ಕು ತಾಸು ಬಿಸಲಾಗ ಇರ್ತೈತಿ, ಹಸಿ ಮೊಳಕಿ ಅಷ್ಟೊತ್ತು ತಡಿಯಂಗಿಲ್ಲ.

ಅತ್ತೆ: ಅದಕ್ಕ ನೋಡು, ಬುತ್ತಿಗೆ ಏನು ಒಯ್ಯಬೇಕು ಅನ್ನೂದನ್ನ ಹಳಬರು ದಾರಿ ನೋಡಿ ನಿರ್ಧಾರ ಮಾಡಿದ್ರು. ಒಣಗಿದ ಕಟಕ ರೊಟ್ಟಿ ಕೆಡಂಗಿಲ್ಲ. ಒಣ ಹಿಂಡಿ ಕೆಡಂಗಿಲ್ಲ. ಹುಳಿ ಬಂದ ಕರಿಂಡಿ ಕೆಡಂಗಿಲ್ಲ. ಚಕ್ಕಡಿಯೊಳಗ ಕುಂತು ಬಿಸಲಾಗ ಹೋಗೂ ಮಂದಿಗೆ ಅದ ಬೇಕಾಗಿತ್ತು.

ಸೊಸೆ: ಕರಿಂಡಿ ನನ್ನ ತವರಮನಿ ಕಡೆ ಮಾಡಂಗಿಲ್ರಿ. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರಿಯೊಳಗ ಮೊದಲ ಸಲ ತಿಂದದ್ದು. ರೊಟ್ಟಿ ಮ್ಯಾಲ ಕರಿಂಡಿ ಹಾಕಿ ಕೊಡ್ತಾರ, ಜಾತಿ ಮತ ನೋಡದ ಎಲ್ಲಾರೂ ಅದನ್ನ ತಿಂತಾರ.

ಅತ್ತೆ: ನಮ್ಮ ತಾಲೂಕಿನ ಹೆಮ್ಮಿ ಅದು. ಹಬ್ಬದೂಟ ಅಂದ್ರ ಹೋಳಿಗಿ, ಹುಗ್ಗಿ ಅನ್ನೂ ಕಾಲದಾಗ ಒಂದು ಜಾತ್ರಿ ಬರೀ ರೊಟ್ಟಿ, ಪಲ್ಯ, ಕರಿಂಡಿ ಮ್ಯಾಲ ನಿಂತೈತಿ. ಮಾಡೂ ರೀತಿ ಹೇಳ್ತೀನಿ. ಅಗಸಿ, ಹಸಿಮೆಣಸಿನಕಾಯಿ, ಬೆಳ್ಳೊಳ್ಳಿ, ಜೀರಗಿ, ಉಪ್ಪು ಕೂಡಿಸಿ ಅರದು, ಅದರಾಗ ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲ ಸಣ್ಣಗ ಹೆಚ್ಚಿ ಹಾಕು, ನಿಂಬಿಹುಳಿ ಹಿಂಡು. ಭರಣಿಯೊಳಗ ತುಂಬಿ ಬಾಯಿಗೆ ಅರಿಬಿ ಕಟ್ಟಿ ಮೂರು ದಿನ ಇಡು, ದಿನಾ ಒಮ್ಮಿ ಕಟಗಿ ಸೌಟಿಲೆ ತಿರುವು. ಹುಳಿ ವಾಸನಿ ಬಂದ ಮ್ಯಾಲ ಉಣ್ಣಾಕ ತಯಾರು. ಒಗ್ಗರಣಿ ಇಲ್ಲ, ಎಣ್ಣಿ ಒಂದು ಹನಿ ಇಲ್ಲ.

ಸೊಸೆ: ಆ ಹುಳಿ ಬರೂದು ಕಾಯಿಪಲ್ಯದ ಮ್ಯಾಲಿರೂ ಸೂಕ್ಷ್ಮಜೀವಿಗಳಿಂದ, ಮೊಸರು ಹೆಪ್ಪು ಹತ್ತೂದೂ ಇಂಥವುಗಳಿಂದನ. ಅಗಸಿಯೊಳಗ ಒಮೇಗಾ-3 ಕೊಬ್ಬು ಐತಿ, ತೂಕದ ಐದನೇ ಒಂದು ಪಾಲಿನಷ್ಟು. ಮೀನು ತಿನ್ನದ ನಮ್ಮಂಥವರಿಗೆ ಆ ಕೊಬ್ಬು ಸಿಗೂ ದಾರಿ ಕಡಿಮಿ. ಅಗಸಿನ ಇಡಿಯಾಗಿ ನುಂಗಿದ್ರ ಹೊಟ್ಟಿ ಅದನ್ನ ಒಡಿಯಂಗಿಲ್ಲ, ಹಂಗ ಹೊರಗ ಹೊಕ್ಕೈತಿ. ಕುಟ್ಟಿ ಹಿಂಡಿ ಮಾಡಿದ್ರ, ಅರದು ಕರಿಂಡಿ ಮಾಡಿದ್ರ ಮಾತ್ರ ಮೈಗೆ ಹತ್ತತೈತಿ. ಆದ್ರ ಕರಿಂಡಿಗೆ ಉಪ್ಪು ಕಡಿಮಿ ಹಾಕಾಕ ಬರಂಗಿಲ್ಲಲ್ರಿ?

ಅತ್ತೆ: ಬರಂಗಿಲ್ಲ, ಕೆಡತೈತಿ. ಉಪ್ಪು ಬೇಕಾದಷ್ಟು ಹಾಕು, ಬಡಿಸೂದು ಒಂದು ಚಮಚ ಬಡಿಸು. ಕರಿಂಡಿ ಇದ್ದ ದಿನ ಉಪ್ಪಿನಕಾಯಿ ಬ್ಯಾಡ, ಹಪ್ಪಳ ಬ್ಯಾಡ. ಒಂದ ಊಟಕ್ಕ ಒಂದ ಉಪ್ಪಿನ ಪದಾರ್ಥ. ಶೇಂಗಾ ಹಿಂಡಿಗೂ ಹಂಗ, ಖಾರ, ಬೆಳ್ಳೊಳ್ಳಿ, ಹುಣಸಿ ಚಲೋ ಬಿದ್ರ ಉಪ್ಪು ಅರ್ಧ ಸಾಕು.

ಸೊಸೆ: ಪಚಡಿಗೆ ಏನು ಹಾಕೂಣ್ರಿ?

ಅತ್ತೆ: ಗಜ್ಜರಿ ತುರಿ, ಮೂಲಂಗಿ ತುರಿ, ಸವತಿಕಾಯಿ, ಎಳೀ ಮೆಂತೆ, ಶೇಂಗಾ ಪುಡಿ, ನಿಂಬಿಹುಳಿ. ಉಪ್ಪು ದಂಡಿಗೆ ಹೋದ ಮ್ಯಾಲ ಹಾಕೂದು. ಇಲ್ಲೇ ಹಾಕಿದ್ರ ನೀರು ಬಿಡತೈತಿ. ಹಕ್ಕರಕಿ ಸಿಕ್ಕರ ಒಂದು ಕಟ್ಟು ತೊಳದು ಹಂಗ ಒಯ್ಯೂಣು, ರೊಟ್ಟಿ ಜೋಡಿ ಹಸೀದ ಕಡೀಬೇಕು. ಕಡ್ಲಿ ಪಲ್ಯದ ಹಂಗಾಮ ಮುಗದೈತಿ, ಈಗ ಗಿಡದಾಗ ಕಾಯಿ. ಆದ್ರ ನಾ ಆಗ ಒಣಗಿಸಿಟ್ಟದ್ದು ಡಬ್ಬಿಯೊಳಗ ಐತಿ. ತೊಗರಿಬ್ಯಾಳಿ ಜೋಡಿ ಕುದಿಸಿ ಬೆಳ್ಳೊಳ್ಳಿ ಒಗ್ಗರಣಿ ಹಾಕಿದ್ರ ಹುಳಿಗೆ ಬ್ಯಾರೆ ಏನೂ ಬ್ಯಾಡ. ಕಡ್ಲಿ ಗಿಡದ ಎಲಿಯೊಳಗ ಹುಳಿ ಇರ್ತೈತಿ. ಹಿಂದ ರಾತ್ರಿ ಗಿಡದ ಮ್ಯಾಲ ಬಿಳಿ ಅರಿಬಿ ಹಾಸಿ, ನಸುಕಿನ್ಯಾಗ ಇಬ್ಬನಿ ಹುಳಿ ಹಿಂಡಿ ಸೀಸೆಯೊಳಗ ಇಡತಿದ್ರು, ಹೊಟ್ಟಿನೋವಿಗೆ.

ಸೊಸೆ: ಇಷ್ಟೆಲ್ಲಾ ಆದ ಮ್ಯಾಲ ಬಜಿಗೆ ಜಾಗಾ ಉಳೀತೈತೇನ್ರಿ?

ಅತ್ತೆ: ಗದಗಿನ ಕಡಿಯವರು ನಾವು, ಬದ್ನಿಕಾಯಿ ಬಜಿ ಬಿಡಂಗಿಲ್ಲ. ಆದ್ರ ತಲಿಗೆ ಒಂದ. ಹೊಸ ಎಣ್ಣಿ, ಸಣ್ಣ ಬುಟ್ಟಿ. ಭೋಗಿ ದಿನ ಕರದ ಎಣ್ಣಿನ ಮತ್ತ ಕಾಯಿಸಿ ಸಂಕ್ರಮಣಕ್ಕ ಕರಿಯೂದು ಬ್ಯಾಡ.

ಸೊಸೆ: ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಾಗ ಹೋಟೆಲಿನವರಿಗೂ ಅದಕ್ಕ ಮಿತಿ ಹಾಕೇತ್ರಿ. ಕಾಯಿಸಿ ಕಾಯಿಸಿ ಕೆಟ್ಟ ಎಣ್ಣಿಯೊಳಗ ಕೂಡೂ ವಸ್ತು ಶೇಕಡಾ 25 ದಾಟಿದ್ರ ಚೆಲ್ಲಬೇಕಂತ. ಹೋಳಿಗಿಗೆ ವನಸ್ಪತಿ ಹಾಕೂದನ್ನೂ ಬಿಡೂಣು. ಮನಿ ತುಪ್ಪ ಒಂದು ಚಮಚ ಸಾಕು. ಮಾವಾರಿಗೆ ಸಕ್ಕರಿ ಬಿಟ್ಟು ಬೆಲ್ಲದ ಹೋಳಿಗಿ ಮಾಡಿದ್ರ ನಡೀತೈತಿ ಅಂತ ಎಲ್ಲಾರೂ ಅಂತಾರ. ಅದನ್ನ ಮಾತ್ರ ನಂಬಬಾರದು ಅತ್ತೀ. ಬೆಲ್ಲಾನೂ ರಕ್ತದಾಗ ಸಕ್ಕರಿನ ಏರಸ್ತೈತಿ.

ಅತ್ತೆ: ಹಂಗಾರ ಅವರಿಗೆ ಸಿಹಿ ಇಲ್ಲೇ ಇಲ್ಲೇನು?

ಸೊಸೆ: ಡಾಕ್ಟರು ಪೂರ್ತಿ ಬ್ಯಾಡ ಅಂದಿಲ್ರಿ, ಅಳತಿಯೊಳಗ ಅಂದಾರ. ಅಂಗೈಯಷ್ಟು ಸಣ್ಣ ಹೋಳಿಗಿ ಮಾಡೂಣು, ಎಲ್ಲಾರಿಗೂ ಅದ ಅಳತಿ. ಉಣ್ಣೂ ಕ್ರಮಾನೂ ಬದಲು ಮಾಡೂಣು. ಮೊದಲ ಪಚಡಿ, ಕಾಳು, ಪಲ್ಯ. ಆಮ್ಯಾಲ ರೊಟ್ಟಿ. ಹೋಳಿಗಿ ಕಡೀಕ. ಹಂಗ ಉಂಡ್ರ ಊಟದ ಮ್ಯಾಲ ಸಕ್ಕರಿ ದಿಢೀರ್ ಅಂತ ಏರಂಗಿಲ್ಲ. ಗುಳಿಗಿ ಮಾತ್ರ ವೇಳ್ಯಾಕ್ಕ ಸರಿಯಾಗಿ ತಗೊಳ್ಳಬೇಕು. ಹಿಂಡಿ, ಕರಿಂಡಿ ಎಷ್ಟ ಚಲೋ ಇದ್ರೂ ಔಷಧದ ಬದಲಿಗೆ ಬರಂಗಿಲ್ಲ.

ಅತ್ತೆ: ಈಗ ನೋಡು, ಮಾವಗ, ಬಸುರಿ ನಿಮ್ಮ ನಾದಿನಿಗೆ, ಮಕ್ಕಳಿಗೆ, ನನಗ, ಎಲ್ಲಾರಿಗೂ ಒಂದ ಬುಟ್ಟಿ. ಒಬ್ಬರಿಗೆ ಕಾಳು ಹೆಚ್ಚು ಬೇಕು, ಒಬ್ಬರಿಗೆ ರೊಟ್ಟಿ ಕಡಿಮಿ ಬೇಕು, ಅಷ್ಟ ಫರಕು. ಪಲ್ಯ-ಪಚಡಿ ಹೆಚ್ಚಿದ್ರ ಯಾರೂ ಯಾರಿಗೂ "ಇದು ನಿನಗಲ್ಲ" ಅನ್ನೂ ಪ್ರಸಂಗ ಬರಂಗಿಲ್ಲ.

ಸೊಸೆ: ಒಪ್ಪತೀನ್ರಿ. ಆದ್ರ ಒಂದು ಮಾತು ಮುಚ್ಚಿಡಬಾರದು. ಈ ಪದಾರ್ಥಗಳೆಲ್ಲಾ ಕೈಕೆಲಸ ಬೇಡ್ತಾವ. ತಪ್ಪಲ ಸೋಸೂದು, ಕಾಳು ಕಟ್ಟೂದು, ಹಿಂಡಿ ಕುಟ್ಟೂದು. ಹೊಲ, ನೌಕರಿ, ಮಕ್ಕಳ ಸಾಲಿ ನಡುವ ಹೆಣ್ಮಕ್ಕಳಿಗೆ ವೇಳ್ಯಾ ಎಲ್ಲಿಂದ ಬರಬೇಕು? ಹಪ್ಪಳ, ಚಿಪ್ಸು ಹಬ್ಬದೊಳಗ ಹೊಕ್ಕದ್ದು ಈ ಕಾರಣಕ್ಕೂ ಹೌದು. ಪಾಕೀಟು ಹರದ್ರ ಮುಗೀತು.

ಅತ್ತೆ: ಖರೆ ಮಾತು. ಹಿಂದ ನಾವು ನಾಲ್ಕು ಮಂದಿ ನೆಗೆಣ್ಣ್ಯಾರು ಇದ್ವಿ, ಒಬ್ಬೊಬ್ಬರು ಒಂದೊಂದು ಹಿಡೀತಿದ್ವಿ. ಈಗ ನೀ ಒಬ್ಬಾಕಿ. ಅದಕ್ಕ ಕೆಲಸ ಹರಡಬೇಕು. ಹಿಂಡಿ ಮೂರೂ ಈ ವಾರನ ಕುಟ್ಟಿ ಡಬ್ಬಿ ತುಂಬೂಣು. ಕರಿಂಡಿ ಮೂರು ದಿನ ಮೊದಲು. ಕಾಳು ಎರಡು ದಿನ ಮೊದಲು ನೆನಿ. ಸಜ್ಜಿ ರೊಟ್ಟಿ ಭೋಗಿ ದಿನ ಬಡದು ಒಣಗಿಸೂದು. ಹಬ್ಬದ ಮುಂಜಾನೆ ಒಲಿ ಮ್ಯಾಲ ಎಣಗಾಯಿ, ಭೋಗಿ ಪಲ್ಯ, ಕಡ್ಲಿ ಪಲ್ಯ, ಕಾಳಿಗೆ ಒಂದು ಉಗಿ, ತಲಿಗೊಂದು ಬಜಿ ಮಾತ್ರ. ಕಾಯಿಪಲ್ಯ ಹೆಚ್ಚೂದು, ಸುಲಗಾಯಿ ಬಿಡಸೂದು ನನ್ನ ಮಗಾ, ಮೊಮ್ಮಕ್ಕಳು ಮಾಡ್ಲಿ. ಉಣ್ಣಾವರೆಲ್ಲಾ ಕೈ ಹಚ್ಚಬೇಕು. ಹೆಣ್ಮಕ್ಕಳ ಸೊಂಟ ಮುರದು ಮಾಡಿದ ಅಡಗಿನ ಆರೋಗ್ಯದ ಅಡಗಿ ಅಂತ ನಾ ಅನ್ನಂಗಿಲ್ಲ.

ಸೊಸೆ: ಇವರು ಒಪ್ಪತಾರ್ರಿ, ಹೇಳೂದು ನಮಗ ರೂಢಿ ಇಲ್ಲ. ಈ ಸಲ ಚೀಟಿಯೊಳಗ ಪದಾರ್ಥದ ಮುಂದ ಹೆಸರೂ ಬರೀತೀನಿ. ಅಗಸಿ, ಗುರೆಳ್ಳು ಮನ್ಯಾಗ ಅದಾವೇನ್ರಿ?

ಅತ್ತೆ: ಇಲ್ಲ. ಎರಡೂ ಅಂಗಡಿಯಿಂದ ತರಬೇಕು. ಇದನ್ನ ಹೇಳಾಕ ನನಗ ನೋವಾಗ್ತೈತಿ. ನಾ ಈ ಮನಿಗೆ ಬಂದಾಗ ಜ್ವಾಳದ ಹೊಲದಾಗ, ಕಡ್ಲಿ ಹೊಲದಾಗ ಅಕ್ಕಡಿ ಸಾಲು ಇರ್ತಿದ್ವು. ನಡುವ ಅಗಸಿ, ದಂಡಿಗುಂಟ ಕುಸುಬಿ. ಕುಸುಬಿ ಮುಳ್ಳಿಗೆ ದನ ಒಳಗ ಬರ್ತಿರಲಿಲ್ಲ, ಅದ ಬೇಲಿ. ಮುಂಗಾರ್ಯಾಗ ಗುರೆಳ್ಳು. ವರ್ಷದ ಹಿಂಡಿಗೆ, ಗಾಣಕ್ಕ ಅಲ್ಲೇ ಸಾಕಾಗತಿತ್ತು. ಈಗ ಸಿಂಗಟಾಲೂರು ಏತ ನೀರಾವರಿ ಬಂದೈತಿ, ಹಮ್ಮಿಗಿ ಬ್ಯಾರೇಜಿನ ನೀರು ಹರದಲ್ಲಿ ಮಂದಿಗೆ ನಾಲ್ಕು ದುಡ್ಡು ಆಗೇತಿ, ಅದು ಬೇಕು. ಆದ್ರ ನೀರು ಬಂದಲ್ಲಿ ಗೋವಿನಜೋಳ, ಕಬ್ಬು ಒಂದ ಬೆಳಿ ನಿಂತು ಅಕ್ಕಡಿ ಸಾಲು ಹೋದ್ವು. ಕಡ್ಲಿಗೆ ಕಾಯಿಕೊರಕದ ಔಷಧ ಹೊಡಿಯೂದು ಹೆಚ್ಚಾಗಿ ಕುಡಿ ಚಿವುಟಿ ಪಲ್ಯ ಮಾಡಾಕ ಮನಸ್ಸು ಅಂಜತೈತಿ. ಮೊದಲ ರೈತರ ಕರದು "ಕುಡಿ ಚಿವುಟಿಕೊಂಡು ಹೋಗ್ರವ್ವ" ಅಂತಿದ್ರು. ಚಿವುಟಿದಷ್ಟು ಗಿಡ ಟೊಂಗಿ ಒಡದು ಕಾಯಿ ಹೆಚ್ಚಿಗಿ ಹಿಡೀತೈತಿ.

ಸೊಸೆ: ಹಂಗಾರ ನಾವು ಇಷ್ಟೊತ್ತು ಮಾತಾಡಿದ ಊಟ ಉಳಿಯೂದು ಒಲಿ ಮುಂದ ಅಲ್ಲ, ಬಿತ್ತೂವಾಗ. ಹೊಲದಾಗ ಅಗಸಿ, ಗುರೆಳ್ಳು, ಮಡಕಿ ಇರದಿದ್ರ ಹಬ್ಬದ ಎಲಿಮ್ಯಾಲೂ ಇರಂಗಿಲ್ಲ. ಆಮ್ಯಾಲ ಅಂಗಡಿಯವರು ಕೊಟ್ಟದ್ದ ಹಬ್ಬದೂಟ ಅಕ್ಕೈತಿ.

ಅತ್ತೆ: ಅದನ್ನ ನಿನ್ನ ಗಂಡಗ ಹೇಳು, ನಾ ನಿಮ್ಮ ಮಾವಗ ಹೇಳ್ತೀನಿ. ಮುಂದಿನ ಮುಂಗಾರ್ಯಾಗ ಹೊಲದ ದಂಡಿಗೆ ಗುರೆಳ್ಳು, ಹೆಸರಿನ ನಡುವ ಮಡಕಿ. ಹಿಂಗಾರ್ಯಾಗ ಕಡ್ಲಿಯೊಳಗ ಎಂಟು ಸಾಲಿಗೊಂದು ಅಗಸಿ ಸಾಲು. ಮೂಲ್ಯಾಗ ಒಂದು ಪಟ್ಟಿ ಕಡ್ಲಿ ಔಷಧ ಹೊಡಿಯದ ಬಿಡೂದು, ಪಲ್ಯಕ್ಕ. ಎಕರೆಗಟ್ಟಲೆ ಕೇಳೂದಿಲ್ಲ ನಾವು, ವರ್ಷದ ಹಿಂಡಿಗೆ, ಹಬ್ಬದ ಪಲ್ಯಕ್ಕ ಆಗುವಷ್ಟು.

ಸೊಸೆ: ಆತ್ರಿ. ಈ ಸಲ ಅಗಸಿ ತರೂವಾಗ ಒಂದು ಕಿಲೋ ಹೆಚ್ಚಿಗಿ ಯಾಕ ತರಬಾರದು? ಅರ್ಧ ಹಿಂಡಿಗೆ, ಅರ್ಧ ಬೀಜಕ್ಕ.

ಅತ್ತೆ: ಅಂಗಡಿ ಅಗಸಿ ಹುಟ್ಟತೈತೊ ಇಲ್ಲೊ ಗೊತ್ತಾಗಂಗಿಲ್ಲ. ರೈತ ಸಂಪರ್ಕ ಕೇಂದ್ರದಾಗ ಕೇಳೂಣು, ಇಲ್ಲಾಂದ್ರ ಇನ್ನೂ ಅಕ್ಕಡಿ ಬಿಡದ ಹಿರ್ಯಾರ ಮನಿಯೊಳಗ ಕೇಳೂಣು. ಸಂಕ್ರಮಣಕ್ಕ ದಂಡಿಗೆ ಹತ್ತೂರು ಮಂದಿ ಬರ್ತಾರ, ಬುತ್ತಿ ಬಿಚ್ಚಿದಾಗ ಯಾರ ಹಿಂಡಿ ರುಚಿ ಐತೊ ಅವರ ಹತ್ತರನ ಬೀಜದ ಮಾತು ತಗೀತೀನಿ.